ತಟ್ಟೆಯ ಲೆಕ್ಕ: ಅನ್ನಕ್ಕೆ ಹಣ ಕೊಡುವ ಮೊದಲು



ರಂಜಾನ್ ಹತ್ತಿರವಾದಾಗ ತರಗತಿಗಳಲ್ಲಿ ಚಂದಾ ಡಬ್ಬಿ ಸುತ್ತಲು ಶುರುವಾಗುತ್ತದೆ. ಐದು, ಹತ್ತು, ಕೆಲವೊಮ್ಮೆ ಐವತ್ತರ ನೋಟು ಬೀಳುತ್ತವೆ. ಡಬ್ಬಿ ತುಂಬಿದ ಮೇಲೆ "ಯಾರಿಗೆ ಕೊಡೋಣ ಸರ್?" ಎಂಬ ಪ್ರಶ್ನೆ ಬರುತ್ತದೆ. ಇದನ್ನು ಡಬ್ಬಿ ಸುತ್ತುವ ಮೊದಲೇ ಕೇಳುವುದು ಒಳ್ಳೆಯದು. ಅನ್ನಕ್ಕಾಗಿ ಕೊಡುವ ಹಣವನ್ನು ಯಾರೂ ತಪ್ಪು ಎನ್ನುವುದಿಲ್ಲ. ಹಾಗೆನ್ನದ ಕಾರಣಕ್ಕೇ ಅದು ಎಲ್ಲಿಗೆ ಹೋಯಿತು, ಎಷ್ಟು ಹೊಟ್ಟೆ ತುಂಬಿತು ಎಂದು ಯಾರೂ ಕೇಳುವುದೂ ಇಲ್ಲ. ವಾಣಿಜ್ಯ ವಿಭಾಗದವರು ಲೆಕ್ಕ ಓದುತ್ತೀರಿ, ವಿಜ್ಞಾನದವರು ಪ್ರೋಟೀನ್ ಓದುತ್ತೀರಿ, ಕಲಾ ವಿಭಾಗದವರು ಸಂವಿಧಾನ ಓದುತ್ತೀರಿ. ಮೂರನ್ನೂ ಒಂದೇ ತಟ್ಟೆಗೆ ಬಡಿಸಿ ನೋಡೋಣ.

ಮಗುವಿನ ಊಟ ಹಕ್ಕಾದ ಬಗೆ

ಶಾಲೆಯಲ್ಲಿ ಊಟ ಕೊಡುವ ಯೋಚನೆ ಹೊಸದಲ್ಲ. 1920ರಲ್ಲಿ ಮದ್ರಾಸ್ ನಗರಸಭೆ ಥೌಸಂಡ್ ಲೈಟ್ಸ್ ಬಡಾವಣೆಯ ತನ್ನ ಶಾಲೆಯೊಂದರಲ್ಲಿ ಇದನ್ನು ಆರಂಭಿಸಿತು. 1956ರಲ್ಲಿ ಮುಖ್ಯಮಂತ್ರಿ ಕಾಮರಾಜರು ಅದನ್ನು ರಾಜ್ಯದ ಯೋಜನೆಯಾಗಿಸಿದರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಬಹಳ ದೊಡ್ಡದಾಗಿ ವಿಸ್ತರಿಸಿದರು. ಪಕ್ಕದ ರಾಜ್ಯದ ಮಕ್ಕಳು ಶಾಲೆಯಲ್ಲಿ ಸಾಂಬಾರ್ ಅನ್ನ ಉಣ್ಣುತ್ತಿದ್ದಾಗ ನಮ್ಮಲ್ಲಿ ಬಿಸಿಯೂಟ ಇರಲಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರದ ಯೋಜನೆ ಬಂದಿತು. ಆದರೆ ಹೆಚ್ಚಿನ ರಾಜ್ಯಗಳು ಬೇಯಿಸಿದ ಊಟ ಕೊಡಲಿಲ್ಲ. ತಿಂಗಳಿಗೆ ಮೂರು ಕೆ.ಜಿ. ಧಾನ್ಯವನ್ನು ಮಗುವಿನ ಕೈಗೆ ಕೊಟ್ಟು ಮನೆಗೆ ಕಳಿಸಿದವು. ಆ ಅಕ್ಕಿ ಮನೆಯವರೆಲ್ಲರ ಅಕ್ಕಿಯಾಯಿತು. ಮಧ್ಯಾಹ್ನ ಒಂದು ಗಂಟೆಗೆ ಮಗುವಿನ ಹೊಟ್ಟೆ ಖಾಲಿಯೇ ಉಳಿಯಿತು.

2000ನೇ ಇಸವಿಯ ಜೂನ್‌ನಲ್ಲಿ ನಮ್ಮ ಬೆಂಗಳೂರಿನಲ್ಲಿ ಅಕ್ಷಯ ಪಾತ್ರ ಆರಂಭವಾಯಿತು. ಇಸ್ಕಾನ್ ಬೆಂಗಳೂರಿನವರು ಐದು ಸರ್ಕಾರಿ ಶಾಲೆಗಳ 1,500 ಮಕ್ಕಳಿಗೆ ಬಿಸಿ ಅಡುಗೆ ತಲುಪಿಸತೊಡಗಿದರು. ಈಗ ಅದೇ ಸಂಸ್ಥೆ ದೇಶದಲ್ಲಿ ದಿನಕ್ಕೆ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಉಣಬಡಿಸುತ್ತದೆ. ಕನಕಪುರ ರಸ್ತೆಯ ವಸಂತಪುರದಲ್ಲಿ ಅದರ ಒಂದು ದೊಡ್ಡ ಅಡುಗೆಮನೆ ಇದೆ. ಬನಶಂಕರಿ, ಜೆ.ಪಿ. ನಗರದಿಂದ ಬರುವವರಿಗೆ ಅದು ದೂರವೇನಲ್ಲ.

ಮರುವರ್ಷ ಸುಪ್ರೀಂ ಕೋರ್ಟಿನಲ್ಲಿ ಒಂದು ಪ್ರಕರಣ ಬಂತು. ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ರಾಜಸ್ಥಾನದಲ್ಲಿ ಜನ ಹಸಿದಿದ್ದಾರೆ ಎಂದು ಪಿಯುಸಿಎಲ್ ಎಂಬ ಸಂಘಟನೆ 2001ರ ಏಪ್ರಿಲ್‌ನಲ್ಲಿ ಅರ್ಜಿ ಹಾಕಿತ್ತು. ಅದೇ ವರ್ಷ ನವೆಂಬರ್ 28ರಂದು ನ್ಯಾಯಾಲಯ ಆದೇಶ ಕೊಟ್ಟಿತು: ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು, ವರ್ಷಕ್ಕೆ ಕನಿಷ್ಠ 200 ದಿನ ಕೊಡಬೇಕು. ಕರ್ನಾಟಕದ 'ಅಕ್ಷರ ದಾಸೋಹ' 2002ರ ಜೂನ್‌ನಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. ನಂತರದ ವರ್ಷಗಳಲ್ಲಿ ಹತ್ತನೇ ತರಗತಿಯವರೆಗೂ ವಿಸ್ತರಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಎಂಟನೇ ತರಗತಿವರೆಗಿನ ಮಕ್ಕಳ ಊಟವನ್ನು ಕಾನೂನಿನಲ್ಲೇ ಬರೆಯಿತು. 2021ರಿಂದ ಈ ಯೋಜನೆಯ ಕೇಂದ್ರದ ಹೆಸರು ಪಿಎಂ ಪೋಷಣ್.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ನೀವು ಒಂದು ಸಂಸ್ಥೆಗೆ ಹಣ ಕೊಟ್ಟು "ನಾವು ಮಕ್ಕಳಿಗೆ ಊಟ ಹಾಕಿಸಿದೆವು" ಎಂದರೆ ಅದು ಅರ್ಧ ಸತ್ಯ. ಅಕ್ಷಯ ಪಾತ್ರದಂಥ ಸಂಸ್ಥೆ ಶಾಲೆಗೆ ಕಳಿಸುವ ಊಟದಲ್ಲಿ ಅಕ್ಕಿ ಸರ್ಕಾರದ್ದು. ಅಡುಗೆ ವೆಚ್ಚದ ಒಂದು ಪಾಲು ಕೂಡ ಸರ್ಕಾರದ್ದೇ. ದಾನಿಗಳ ಹಣ ಅದರ ಮೇಲೆ ಸೇರುತ್ತದೆ. ಆ ಮಗು ನಿಮ್ಮ ಮುಂದೆ ಕೈಚಾಚಿ ನಿಂತ ಮಗುವಲ್ಲ. ನ್ಯಾಯಾಲಯವೂ ಸಂಸತ್ತೂ ಒಪ್ಪಿದ ತನ್ನ ಪಾಲನ್ನು ಉಣ್ಣುತ್ತಿರುವ ಮಗು. ಕೊಡುವ ಕೈ ಇದನ್ನು ನೆನಪಿಟ್ಟುಕೊಂಡರೆ ಅರ್ಧ ಅಹಂಕಾರ ಅಲ್ಲೇ ಇಳಿಯುತ್ತದೆ.

6 ರೂಪಾಯಿ 78 ಪೈಸೆ

ಈಗ ಪೆನ್ನು ತೆಗೆದುಕೊಳ್ಳಿ.

ಕೇಂದ್ರದ ನಿಯಮದ ಪ್ರಕಾರ ಒಂದರಿಂದ ಐದನೇ ತರಗತಿಯ ಮಗುವಿನ ಒಂದು ಊಟದಲ್ಲಿ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಇರಬೇಕು. ಇದರಿಂದ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಆರರಿಂದ ಎಂಟನೇ ತರಗತಿಯವರಿಗೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, ಏಳೂವರೆ ಗ್ರಾಂ ಎಣ್ಣೆ. 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್.

ಅಕ್ಕಿ ಉಚಿತವಾಗಿ ಬರುತ್ತದೆ. ಉಳಿದದ್ದಕ್ಕೆ, ಅಂದರೆ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸ್ ಎಲ್ಲಕ್ಕೂ ಸೇರಿ 2025ರ ಮೇ 1ರಿಂದ ನಿಗದಿಯಾದ ದರ ಕಿರಿಯ ಮಗುವಿಗೆ 6 ರೂಪಾಯಿ 78 ಪೈಸೆ, ಹಿರಿಯ ಮಗುವಿಗೆ 10 ರೂಪಾಯಿ 17 ಪೈಸೆ. ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಇದನ್ನು ಭರಿಸುತ್ತವೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನೀವು ನಿಂತು ಕುಡಿಯುವ ಅರ್ಧ ಚಹಾದ ಬೆಲೆಯನ್ನು ಇದರ ಪಕ್ಕದಲ್ಲಿ ಬರೆದುಕೊಳ್ಳಿ. ನಾನು ಬೇರೇನೂ ಹೇಳಬೇಕಿಲ್ಲ.

ಪ್ರೋಟೀನ್ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ತೊಗರಿಬೇಳೆಯಲ್ಲಿ ನೂರಕ್ಕೆ ಸುಮಾರು 22 ಪಾಲು ಪ್ರೋಟೀನ್. 20 ಗ್ರಾಂ ಬೇಳೆಯಿಂದ ಬರುವುದು 4.4 ಗ್ರಾಂ. 100 ಗ್ರಾಂ ಅಕ್ಕಿಯಿಂದ ಸುಮಾರು 7 ಗ್ರಾಂ. ಎರಡೂ ಸೇರಿದರೆ ಹನ್ನೊಂದೂವರೆ. ತರಕಾರಿಯದ್ದು ಸ್ವಲ್ಪ ಸೇರಿ 12ಕ್ಕೆ ಮುಟ್ಟುತ್ತದೆ. ಅಂದರೆ ಕಾಗದದ ಮೇಲೆ ಲೆಕ್ಕ ಸರಿಯಾಗಬೇಕಾದರೆ ಬೇಳೆ ಪೂರ್ತಿ 20 ಗ್ರಾಂ ಬೀಳಲೇಬೇಕು. ಸಾರು ತೆಳುವಾದ ದಿನ ಮೊದಲು ಕಡಿಮೆಯಾಗುವುದು ಪ್ರೋಟೀನೇ. ಅನ್ನದಿಂದ ಹೊಟ್ಟೆ ತುಂಬುತ್ತದೆ, ಹಾಗಾಗಿ ಕಡಿಮೆಯಾದದ್ದು ಮಗುವಿಗೂ ತಿಳಿಯುವುದಿಲ್ಲ, ತಟ್ಟೆ ನೋಡಿದವರಿಗೂ ತಿಳಿಯುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಈ ಮಕ್ಕಳೇ ಮುಂದೆ ಒಂದನೇ ತರಗತಿಗೆ ಬಂದು ಕೂರುತ್ತಾರೆ.

ಅದಕ್ಕೇ ಹಾಲು ಬಂತು, ಮೊಟ್ಟೆ ಬಂತು. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರ ಭಾಗ್ಯದಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಲೀಟರ್ ಹಾಲು ಮಾಡಿ ಕೊಡುತ್ತಾರೆ. ಮೊದಲು ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದಾಯಿತು. 2024ರ ಫೆಬ್ರವರಿಯಿಂದ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟಿನ ನೆರವಿನಿಂದ ಅದಕ್ಕೆ ರಾಗಿ ಮಾಲ್ಟ್ ಕೂಡ ಸೇರಿತು.

ಮೊಟ್ಟೆ, ಈರುಳ್ಳಿ ಮತ್ತು ಕೊಡುವವರ ಷರತ್ತು

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಮಗುವಿನ ಊಟದ ಗುರಿಯಲ್ಲಿ ಅರ್ಧ. ಬೇಳೆಯಂತೆ ಅದಕ್ಕೆ ನೀರು ಸೇರಿಸಿ ಹೆಚ್ಚು ಮಾಡಲಾಗುವುದಿಲ್ಲ. ಸುಲಿದು ಬಾಯಿಗಿಟ್ಟರೆ ಮುಗಿಯಿತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಉತ್ತರದ ಜಿಲ್ಲೆಗಳಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಧಾರ್ಮಿಕ ಮುಖಂಡರು ವಿರೋಧಿಸಿದರು. ಮಕ್ಕಳು ತಿನ್ನುತ್ತಲೇ ಇದ್ದರು. ಮುಂದೆ ಅದು ರಾಜ್ಯವೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ಸರ್ಕಾರದ ವಾರದ ಎರಡು ಮೊಟ್ಟೆಗೆ ಇನ್ನೂ ನಾಲ್ಕು ಸೇರಿಸಿತು. ಒಂದರಿಂದ ಹತ್ತನೇ ತರಗತಿಯವರೆಗೆ ಸರ್ಕಾರಿ, ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳಿಗೆ ಇದು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು.

ಈ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಏನು ತಿನ್ನಬೇಕು ಎಂದು ತೀರ್ಮಾನಿಸುವುದು ಮಗು ಮತ್ತು ಅದರ ಮನೆಯವರು. ಕೊಡುವವರು ಎರಡನ್ನೂ ಮುಂದಿಟ್ಟರು, ಅಷ್ಟೇ.

ಅಕ್ಷಯ ಪಾತ್ರದ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ಅವರು ಮೊಟ್ಟೆಯನ್ನೂ ಕೊಡುವುದಿಲ್ಲ. ಅದು ಅವರ ಧಾರ್ಮಿಕ ನಂಬಿಕೆ. 2018-19ರ ಸುಮಾರಿಗೆ ಆಹಾರ ಹಕ್ಕಿನ ಕಾರ್ಯಕರ್ತರು ಇದನ್ನು ಪ್ರಶ್ನಿಸಿದರು: ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಉಣ್ಣುವ ಮಕ್ಕಳಿಗೆ ಈ ಸಾರು ಸಪ್ಪೆ ಎನಿಸುತ್ತದೆ, ಅವರು ಪೂರ್ತಿ ಉಣ್ಣುವುದಿಲ್ಲ, ಸರ್ಕಾರದ ಯೋಜನೆಯಲ್ಲಿ ಒಂದು ಸಂಸ್ಥೆಯ ನಂಬಿಕೆ ಏಕೆ ಬರಬೇಕು ಎಂದರು. ನಮ್ಮ ಊಟ ನಿಗದಿತ ಪೌಷ್ಟಿಕಾಂಶವನ್ನು ಪೂರೈಸುತ್ತದೆ ಎಂದು ಸಂಸ್ಥೆ ಹೇಳಿತು. ಇಬ್ಬರ ಮಾತಿನಲ್ಲೂ ಹುರುಳಿದೆ. ಅಷ್ಟು ಸಾವಿರ ಮಕ್ಕಳಿಗೆ ಹೊತ್ತಿಗೆ ಸರಿಯಾಗಿ, ಶುಚಿಯಾಗಿ ಬಿಸಿ ಊಟ ತಲುಪಿಸುವುದು ಹುಡುಗಾಟವಲ್ಲ. ಇಪ್ಪತ್ತೈದು ವರ್ಷ ಅದನ್ನು ಮಾಡಿ ತೋರಿಸಿದವರಿಗೆ ಗೌರವ ಸಲ್ಲಬೇಕು. ಆದರೆ ಊಟ ಹಕ್ಕು ಎಂದು ಒಪ್ಪಿದ ಮೇಲೆ ಅದರ ರುಚಿಯಲ್ಲಿ ಮಗುವಿನ ಮಾತೂ ನಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಮಗು ತಟ್ಟೆಯಲ್ಲಿ ಬಿಟ್ಟುಹೋದ ಅನ್ನದಲ್ಲಿ ಎಷ್ಟು ಕ್ಯಾಲೊರಿ ಇದ್ದರೇನು?

ಬೇರೆಯವರನ್ನು ತೂಗಿದ ತಕ್ಕಡಿಯಲ್ಲಿ ನಾವೂ ಕೂರಬೇಕು. ನಮ್ಮ ಓಣಿಯಲ್ಲಿ ಕಿಟ್ ಹಂಚುವಾಗ "ಇವರು ನಮ್ಮವರೋ ಅಲ್ಲವೋ" ಎಂದು ಮೊದಲು ನೋಡುವವರಿಲ್ಲವೇ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಹಲವು ಮುಸ್ಲಿಂ ಸೇವಾ ಸಂಸ್ಥೆಗಳು 'ಮರ್ಸಿ ಮಿಷನ್' ಎಂಬ ಒಂದೇ ಹೆಸರಿನಡಿ ಸೇರಿ ಊಟ, ಪಡಿತರ ಕಿಟ್ ಹಂಚಿದವು. ಹಸಿದವರು ಯಾರು ಎಂಬುದೊಂದೇ ಆಗ ಪ್ರಶ್ನೆಯಾಗಿತ್ತು. ಹಲವು ಸಂಸ್ಥೆಗಳು ತಮ್ಮ ಬ್ಯಾನರ್ ಬದಿಗಿಟ್ಟು ಕೂಡಿ ಕೆಲಸ ಮಾಡಿದ್ದು ನನಗೆ ಕಿಟ್‌ಗಳ ಸಂಖ್ಯೆಗಿಂತ ದೊಡ್ಡದಾಗಿ ಕಾಣುತ್ತದೆ. ಬ್ಯಾನರ್ ಬದಿಗಿಡುವುದು ಎಷ್ಟು ಕಷ್ಟ ಎಂದು ಕಾಲೇಜು ದಿನಾಚರಣೆ ನಡೆಸಿದ ಯಾರಿಗಾದರೂ ಗೊತ್ತು.

ಡಬ್ಬಿ ಒಂದೋ ಎರಡೋ?

ಇಲ್ಲಿ ಧರ್ಮಶಾಸ್ತ್ರದ ಒಂದು ಸಣ್ಣ ಪಾಠ ಬೇಕಾಗುತ್ತದೆ. ಮುಸ್ಲಿಮೇತರ ವಿದ್ಯಾರ್ಥಿಗಳೂ ಓದಿ. ಪಕ್ಕದ ಬೆಂಚಿನವನ ಲೆಕ್ಕ ತಿಳಿದಿರುವುದು ಒಳ್ಳೆಯದು.

ಝಕಾತ್ ದಾನವಲ್ಲ, ಕಡ್ಡಾಯ. ನಿಸಾಬ್ ಎಂಬ ಮಿತಿಗಿಂತ ಹೆಚ್ಚಿನ ಸಂಪತ್ತು ಒಂದು ಚಾಂದ್ರ ವರ್ಷ ಕೈಯಲ್ಲಿದ್ದರೆ ಅದರ ಶೇಕಡಾ ಎರಡೂವರೆ ಕೊಡಬೇಕು. ಎರಡು ಲಕ್ಷ ಉಳಿತಾಯವಿದ್ದರೆ ಐದು ಸಾವಿರ. ಅದು ಯಾರಿಗೆ ಸಲ್ಲಬೇಕು ಎಂಬ ಎಂಟು ವರ್ಗಗಳನ್ನು ಕುರ್‌ಆನಿನ ಒಂಬತ್ತನೇ ಅಧ್ಯಾಯದ 60ನೇ ವಚನ ಹೇಳುತ್ತದೆ. ಹೆಚ್ಚಿನ ವಿದ್ವಾಂಸರ ಪ್ರಕಾರ ಝಕಾತ್ ಮುಸ್ಲಿಂ ಬಡವರ ಪಾಲು. ನಮ್ಮ ಕಡೆ ಹೆಚ್ಚು ಜನ ಅನುಸರಿಸುವ ಹನಫಿ ಪಂಥದಲ್ಲಿ ಇನ್ನೊಂದು ನಿಯಮವಿದೆ: ಕೊಟ್ಟದ್ದರ ಒಡೆತನ ಪಡೆಯುವವನಿಗೆ ಸಿಗಬೇಕು. ಎಲ್ಲರನ್ನೂ ಕೂರಿಸಿ ಉಣಬಡಿಸಿದರೆ ಝಕಾತ್ ತೀರುವುದಿಲ್ಲ. ಅಕ್ಕಿಯೋ ಹಣವೋ ಊಟದ ಪೊಟ್ಟಣವೋ ಅವನ ಕೈಸೇರಿ ಅವನದಾಗಬೇಕು, ತಿನ್ನಲಿ, ಮನೆಗೊಯ್ಯಲಿ. ಸದಕಾಕ್ಕೆ ಇಂಥ ಗಡಿಗಳಿಲ್ಲ. ಯಾವ ಧರ್ಮದವರಿಗಾದರೂ, ಯಾವ ರೂಪದಲ್ಲಾದರೂ ಕೊಡಬಹುದು.

ಈಗ ತರಗತಿಯ ಡಬ್ಬಿಗೆ ಬನ್ನಿ. ಒಬ್ಬಳು ತನ್ನ ತಂದೆಯ ಝಕಾತ್ ಹಣವನ್ನು ಅದರಲ್ಲಿ ಹಾಕುತ್ತಾಳೆ, ಇನ್ನೊಬ್ಬ ತನ್ನ ಬಸ್ ಚಾರ್ಜ್ ಉಳಿಸಿದ ಹತ್ತು ರೂಪಾಯಿ ಹಾಕುತ್ತಾನೆ. ಎರಡೂ ಬೆರೆತು ಎಲ್ಲ ಸಮುದಾಯದ ಮಕ್ಕಳೂ ಕೂತು ಉಣ್ಣುವ ಶಾಲೆಯ ಊಟಕ್ಕೆ ಹೋದರೆ, ಆ ತಂದೆ ತನ್ನ ಕಡ್ಡಾಯ ತೀರಿತು ಎಂದುಕೊಂಡಿರುತ್ತಾರೆ. ತೀರಿರುವುದಿಲ್ಲ. ಆದ್ದರಿಂದ ಎರಡು ಡಬ್ಬಿ ಇಡಿ, ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಶಾಲೆಯ ಊಟಕ್ಕೆ, ನೆರೆಹೊರೆಗೆ ಸದಕಾ ಡಬ್ಬಿ; ಝಕಾತ್ ಡಬ್ಬಿಯನ್ನು ಅದರ ವಿಲೇವಾರಿ ತಿಳಿದ ಆಲಿಮರನ್ನು ಕೇಳಿ ಬೇರೆಯಾಗಿ ಸಲ್ಲಿಸಿ. ಸಂದೇಹವಿದ್ದಲ್ಲಿ ನನ್ನ ಮಾತಿಗಿಂತ ಅವರ ಮಾತು ಹಿಡಿಯಿರಿ.

ಇನ್ನೊಂದು ವಚನ ನನ್ನನ್ನು ಬಹಳ ಕಾಡಿದೆ. ಐದನೇ ಅಧ್ಯಾಯದ 89ನೆಯದು. ಆಣೆ ಮುರಿದವನು ಪ್ರಾಯಶ್ಚಿತ್ತವಾಗಿ ಹತ್ತು ಬಡವರಿಗೆ ಉಣಿಸಬೇಕು ಎಂದು ಹೇಳುವಾಗ, ಎಂಥ ಊಟ ಎಂಬುದಕ್ಕೂ ಅಲ್ಲೊಂದು ಅಳತೆ ಇದೆ: ನಿಮ್ಮ ಮನೆಯವರಿಗೆ ನೀವು ಸಾಮಾನ್ಯವಾಗಿ ಉಣಿಸುವಂಥದ್ದು. ಉಳಿದದ್ದು, ಹಳಸಿದ್ದು, ನಮಗೆ ಬೇಡವಾದದ್ದು ಆ ಅಳತೆಗೆ ಬರುವುದಿಲ್ಲ. ಬಸವಣ್ಣನವರ ಪರಂಪರೆಯ ದಾಸೋಹದಲ್ಲೂ, ಸಿಖ್ಖರ ಲಂಗರಿನಲ್ಲೂ ಕೊಟ್ಟವನು ಮೇಲೆ, ಉಂಡವನು ಕೆಳಗೆ ಎಂಬುದಿಲ್ಲ. ಒಂದೇ ಸಾಲು, ಒಂದೇ ಅನ್ನ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ವಿದ್ಯಾರ್ಥಿಗಳು ಜಾತಿ ಮತ ಕೇಳಿಸಿಕೊಳ್ಳದೆ ಉಂಡು ಓದಿ ಹೊರಬಂದರು. ನಮ್ಮ ರಾಜ್ಯ ತನ್ನ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಮದುವೆ ಮನೆಯ ಬಿರಿಯಾನಿ

ನೀವು ಕೇಳಲಿರುವ ಪ್ರಶ್ನೆ ನನಗೆ ಗೊತ್ತು. ಶಾದಿ ಮಹಲಿನಲ್ಲಿ ಅಷ್ಟೊಂದು ಉಳಿಯುತ್ತದಲ್ಲ, ಅದನ್ನೇ ಹಂಚಿದರೆ?

ಉಳಿಯುವುದು ನಿಜ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ನಗರದ ಕಲ್ಯಾಣ ಮಂಟಪಗಳಲ್ಲಿ ಸಮೀಕ್ಷೆ ನಡೆಸಿ 2012ರಲ್ಲಿ ಹೇಳಿದ ಪ್ರಕಾರ ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ಹಾಳಾಗುತ್ತಿತ್ತು. 2014ರಲ್ಲಿ ದಿಲ್ಲಿಯಲ್ಲಿ ಹುಟ್ಟಿದ ರಾಬಿನ್ ಹುಡ್ ಆರ್ಮಿಯಂಥ ಗುಂಪುಗಳು ಬೆಂಗಳೂರಿನಲ್ಲೂ ಇಂಥ ಊಟವನ್ನು ಎತ್ತಿ ಹಂಚುತ್ತವೆ. ಹಣ ಮಾತ್ರ ಮುಟ್ಟುವುದಿಲ್ಲ, ಸಮಯ ಕೊಡಿ ಎನ್ನುತ್ತವೆ. ನಿಮ್ಮ ವಯಸ್ಸಿನವರಿಗೆ ಇದು ಚೆನ್ನಾಗಿ ಹೊಂದುತ್ತದೆ.

ಆದರೆ ಎಚ್ಚರ ಬೇಕು. ಬೇಯಿಸಿದ ಅನ್ನ ಮಾಂಸ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ಇವೆರಡರ ನಡುವೆ ಗಂಟೆಗಟ್ಟಲೆ ಕೂತ ಬಿರಿಯಾನಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ, ವಾಸನೆಯಲ್ಲಿ ಅದು ಗೊತ್ತಾಗುವುದಿಲ್ಲ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ; ಜೀವಶಾಸ್ತ್ರದವರು ಉಪನ್ಯಾಸಕರನ್ನು ಕೇಳಿ ನೋಡಿ. ರಾತ್ರಿ ಹನ್ನೊಂದಕ್ಕೆ ಮುಗಿದ ಮದುವೆಯ ದೇಗ್ಚಿಯನ್ನು ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕೊಡುವ ಸಾಹಸ ಬೇಡವೇ ಬೇಡ. ಉಳಿದ ಆಹಾರ ಹಂಚುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೇ ಮಾಡಿದೆ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಕೀಟನಾಶಕ ಬೆರೆತ ಎಣ್ಣೆಯ ಅಡುಗೆ ಉಂಡು 23 ಮಕ್ಕಳು ತೀರಿಕೊಂಡರು. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಲೇಬೇಕು ಎಂಬ ನಿಯಮವನ್ನು ಯಾರಾದರೂ ಹಗುರವಾಗಿ ಕಂಡರೆ ಆ ಊರಿನ ಹೆಸರು ಹೇಳಿ.

ಅಡುಗೆಯ ಅಕ್ಕಂದಿರನ್ನೂ ಮರೆಯಬಾರದು. ಶಾಲೆಯಲ್ಲೇ ಅಡುಗೆಯಾದರೆ ಅದೇ ಬಡಾವಣೆಯ ಮೂರು ನಾಲ್ಕು ಮಹಿಳೆಯರಿಗೆ ಕೆಲಸ ಸಿಗುತ್ತದೆ. ಈ ಕೆಲಸದಲ್ಲಿ ದಲಿತ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಂದ್ರದ ಲೆಕ್ಕದಲ್ಲಿ ಅವರ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. 2009ರಿಂದ ಅಷ್ಟೇ ಇದೆ. ರಾಜ್ಯ ತನ್ನದನ್ನು ಸೇರಿಸಿ ಕೊಡುತ್ತದೆ. ಜಾಗವಿಲ್ಲದ ನಗರದ ಶಾಲೆಗಳಿಗೆ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಊಟ ಬರುವುದು ಅನಿವಾರ್ಯ ಇರಬಹುದು, ಆದರೆ ಅಲ್ಲಿ ಈ ಅಕ್ಕಂದಿರ ಕೆಲಸ ಕಡಿಮೆಯಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಅಕ್ಕಿ ಇದೆ, ಬೇಳೆ ಇಲ್ಲ

ಇನ್ನು ಕುಟುಂಬಗಳ ವಿಷಯ. ತಿಲಕ್‌ನಗರ, ಗುರಪ್ಪನಪಾಳ್ಯ, ಇಲಿಯಾಸ್ ನಗರ, ಯಾರಬ್ ನಗರಗಳಲ್ಲಿ ರಂಜಾನಿನಲ್ಲಿ ಹಂಚುವ ಕಿಟ್‌ಗಳನ್ನು ಬಿಚ್ಚಿ ನೋಡಿದ್ದೀರಾ? ಚೀಲದ ಮುಕ್ಕಾಲು ಅಕ್ಕಿ. ಕೊಡುವವರಿಗೆ ಚೀಲ ದೊಡ್ಡದಾಗಿ ಕಾಣಬೇಕು. ಆದರೆ ಬಿಪಿಎಲ್ ಕಾರ್ಡ್ ಇರುವ ಮನೆಗೆ ಅನ್ನಭಾಗ್ಯದ ಅಕ್ಕಿ ತಲೆಗೆ ಇಷ್ಟೆಂದು ನ್ಯಾಯಬೆಲೆ ಅಂಗಡಿಯಿಂದಲೇ ಬರುತ್ತದೆ. ಆ ಮನೆಯಲ್ಲಿ ಇಲ್ಲದ್ದು ಬೇಳೆ, ಎಣ್ಣೆ, ಮೊಟ್ಟೆ, ಹಾಲು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವೇ ಹೆಚ್ಚುವರಿ ಐದು ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಕಿಟ್ ಕೊಡುವ ತೀರ್ಮಾನ ಮಾಡಿದ್ದು ಇದೇ ಕಾರಣಕ್ಕೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬ ವಯಸ್ಕರಿಗೆ ದಿನಕ್ಕೆ ಬೇಳೆಕಾಳು, ಮೊಟ್ಟೆ, ಮಾಂಸ ಎಲ್ಲ ಸೇರಿ 85 ಗ್ರಾಂ ಇರಲಿ ಎನ್ನುತ್ತದೆ. ಐದು ಜನರ ಮನೆಗೆ ತಿಂಗಳಿಗೆ ಎಷ್ಟಾಯಿತು? 85 × 5 × 30, ಹನ್ನೆರಡೂಮುಕ್ಕಾಲು ಕೆ.ಜಿ. ಮನೆಯ ಮಕ್ಕಳಿಗೆ ಸ್ವಲ್ಪ ಕಡಿಮೆ ಎಂದು ಹತ್ತಕ್ಕೆ ಇಳಿಸಿಕೊಳ್ಳಿ. ಕಿಟ್‌ನಲ್ಲಿರುವ ಬೇಳೆಯ ಪೊಟ್ಟಣ ಒಂದು ಕೆ.ಜಿ.ಯದು. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 47.8 ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದ್ದನ್ನು ಈ ಪೊಟ್ಟಣದ ಪಕ್ಕದಲ್ಲಿಡಿ.

ಅಕ್ಕಿ ನಿಜವಾಗಿ ಬೇಕಾದವರೂ ಇದ್ದಾರೆ: ಕಾರ್ಡೇ ಇಲ್ಲದವರು, ಬಿಟಿಎಂ ಲೇಔಟಿನ ಕಟ್ಟಡ ಕೆಲಸಕ್ಕೆ ದೂರದ ಊರುಗಳಿಂದ ಬಂದವರು. 'ಒಂದು ದೇಶ ಒಂದು ಪಡಿತರ ಚೀಟಿ' ಇರುವುದು ಅವರಲ್ಲಿ ಹಲವರಿಗೆ ಗೊತ್ತಿಲ್ಲ. ಅವರ ಜೊತೆ ನ್ಯಾಯಬೆಲೆ ಅಂಗಡಿಗೆ ಒಂದು ದಿನ ಹೋಗಿ, ಬೆರಳಚ್ಚು ಕೂಡುತ್ತದೆಯೇ ನೋಡಿ, ಕೂಡದಿದ್ದರೆ ಅರ್ಜಿ ಬರೆದುಕೊಟ್ಟರೆ ಅದು ತಿಂಗಳು ತಿಂಗಳೂ ಬರುವ ಕಿಟ್ ಆಗುತ್ತದೆ. ಇದಕ್ಕೆ ಡಬ್ಬಿ ಬೇಡ, ಕನ್ನಡ ಓದಲು ಬರೆಯಲು ಬಂದರೆ ಸಾಕು. ಹೀಗೆಯೇ 2017ರ ಆಗಸ್ಟ್‌ನಲ್ಲಿ ನಮ್ಮ ಜಯನಗರದಿಂದಲೇ ಆರಂಭವಾದ ಇಂದಿರಾ ಕ್ಯಾಂಟೀನ್. ಐದು ರೂಪಾಯಿಗೆ ತಿಂಡಿ, ಹತ್ತಕ್ಕೆ ಊಟ ಎಂದು ಶುರುವಾಯಿತು. ಅದು ಎಲ್ಲಿದೆ ಎಂದು ಹಸಿದವರಿಗೆ ತೋರಿಸುವುದೂ ಉಣಿಸಿದಂತೆಯೇ.

ಫೋಟೊ ತೆಗೆಯಬೇಡಿ. ಕಿಟ್ ಕೈಗಿಡುವಾಗ ಆ ತಾಯಿ ತಲೆ ತಗ್ಗಿಸುವುದು ನಾಚಿಕೆಯಿಂದ. ನಿಮ್ಮ ಸ್ಟೇಟಸ್‌ನಲ್ಲಿ ಅದು ಕೃತಜ್ಞತೆಯಂತೆ ಕಾಣುತ್ತದೆ. ಆ ಮನೆಯ ಹುಡುಗ ನಿಮ್ಮ ಪಕ್ಕದ ಕಾಲೇಜಿನಲ್ಲೇ ಓದುತ್ತಿರಬಹುದು.

ಸಂಸ್ಥೆಯನ್ನು ಪರೀಕ್ಷಿಸುವುದು

ಇದನ್ನು ಬೇಗ ಮುಗಿಸುತ್ತೇನೆ, ವಾಣಿಜ್ಯದವರಿಗೆ ಗೊತ್ತಿರುವ ವಿಷಯ. ನೋಂದಣಿ ಸಂಖ್ಯೆ ಕೇಳಿ. ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹೆಸರಿದೆಯೇ ನೋಡಿ. ರಸೀದಿ ಕೇಳಿ. ಎಲ್ಲರ ಬಾಯಲ್ಲಿ '80ಜಿ' ಎಂದಿರುವ ತೆರಿಗೆ ವಿನಾಯಿತಿ 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಸಿಗುವುದಿಲ್ಲ, ಬ್ಯಾಂಕ್ ಮೂಲಕ ಕೊಡಬೇಕು ಎಂದು ತಂದೆಯವರಿಗೆ ಹೇಳಿ. ಕಳೆದ ವರ್ಷದ ಲೆಕ್ಕಪತ್ರ ತೋರಿಸಿ ಎನ್ನಿ. ಅದರಲ್ಲಿ ಸರ್ಕಾರದಿಂದ ಬಂದದ್ದು ಎಷ್ಟು, ದಾನಿಗಳಿಂದ ಎಷ್ಟು, ಅಡುಗೆಗೆ ಹೋದದ್ದು ಎಷ್ಟು, ಜಾಹೀರಾತಿಗೆ ಎಷ್ಟು ಎಂದು ನೋಡಿ. ಕೇಳಿದ್ದಕ್ಕೆ ಸಿಟ್ಟು ಮಾಡುವ ಸಂಸ್ಥೆಗೆ ನಮಸ್ಕಾರ ಹೇಳಿ ಮುಂದೆ ಹೋಗಿ, ಅದು ನಮ್ಮವರದೇ ಆಗಿದ್ದರೂ.

ಹಾಗಾದರೆ ನಮ್ಮ ಡಬ್ಬಿ?

60 ಜನರ ತರಗತಿ, ತಲೆಗೆ ವಾರಕ್ಕೆ ಹತ್ತು ರೂಪಾಯಿ, ವರ್ಷದಲ್ಲಿ 30 ವಾರ: 18,000 ರೂಪಾಯಿ. ಒಂದು ಮಗುವಿಗೆ ದಿನಕ್ಕೆ 6.78ರಂತೆ 220 ದಿನಕ್ಕೆ 1,491 ರೂಪಾಯಿ 60 ಪೈಸೆ. ಭಾಗಿಸಿದರೆ 12 ಮಕ್ಕಳು. ಆದರೆ ಆ ಹನ್ನೆರಡು ಮಕ್ಕಳ ಊಟಕ್ಕೆ ಸರ್ಕಾರ ಈಗಾಗಲೇ ಕೊಡುತ್ತಿದೆ. ಕೊಟ್ಟ ಕಡೆಗೇ ಕೊಡುವುದಕ್ಕಿಂತ ಬಿಟ್ಟುಹೋದ ಕಡೆಗೆ ಕೊಡುವುದು ಮೇಲು.

ಬಿಟ್ಟುಹೋದದ್ದು ಯಾವುದು? ಬೆಳಗಿನ ತಿಂಡಿ ಒಂದು. ತಾಯಿ ಆರು ಗಂಟೆಗೇ ಮನೆಗೆಲಸಕ್ಕೆ ಹೊರಟರೆ ಮಗು ಬರಿಹೊಟ್ಟೆಯಲ್ಲಿ ಶಾಲೆಗೆ ಬರುತ್ತದೆ, ಲೋಟ ಹಾಲೇ ಅದರ ತಿಂಡಿ. ಬೇಸಿಗೆ ರಜೆ ಇನ್ನೊಂದು. ಬರಗಾಲ ಘೋಷಣೆಯಾದ ವರ್ಷ ಬಿಟ್ಟರೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಯೂಟವಿಲ್ಲ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಒಂದು ದಿನ ವಿಶೇಷ ಊಟ ಹಾಕಿಸಬೇಕೆಂದರೆ ಪಿಎಂ ಪೋಷಣ್‌ನಲ್ಲೇ 'ತಿಥಿ ಭೋಜನ' ಎಂಬ ಅವಕಾಶವಿದೆ. ಮುಖ್ಯೋಪಾಧ್ಯಾಯರನ್ನೂ ಎಸ್‌ಡಿಎಂಸಿಯನ್ನೂ ಕಂಡು, ಹಣ್ಣೋ ಸಿಹಿಯೋ ಏನು ಬೇಕೆಂದು ಅವರನ್ನೇ ಕೇಳಿ ಮಾಡಿ.

ಮೂರನೆಯದು ನಮ್ಮ ಗೇಟಿನ ಒಳಗೇ ಇದೆ. ಬಿಸಿಯೂಟ ಹತ್ತನೇ ತರಗತಿಗೆ ನಿಲ್ಲುತ್ತದೆ. ಮಾರ್ಚ್‌ವರೆಗೆ ಸರ್ಕಾರಿ ಶಾಲೆಯಲ್ಲಿ ವಾರಕ್ಕೆ ಆರು ಮೊಟ್ಟೆ, ದಿನವೂ ಊಟ ಉಣ್ಣುತ್ತಿದ್ದ ಹುಡುಗಿ ಜೂನ್‌ನಲ್ಲಿ ಪ್ರಥಮ ಪಿಯುಸಿಗೆ ಬಂದ ದಿನ ಅವೆಲ್ಲ ನಿಲ್ಲುತ್ತವೆ. ಹಸಿವು ನಿಲ್ಲುವುದಿಲ್ಲ, ಹದಿನಾರರ ವಯಸ್ಸಿನಲ್ಲಿ ಇನ್ನೂ ಹೆಚ್ಚಾಗುತ್ತದೆ. ಊಟದ ಹೊತ್ತಿನಲ್ಲಿ ಗ್ರಂಥಾಲಯದಲ್ಲಿ ಕೂರುವವರೆಲ್ಲ ಓದಿನ ಪ್ರೀತಿಯಿಂದಲೇ ಕೂರುತ್ತಾರೆ ಎಂದು ನಾವು ಉಪನ್ಯಾಸಕರು ನಂಬಿಕೊಂಡಿರಬಾರದು.

18,000 ರೂಪಾಯಿಯನ್ನು 40 ರೂಪಾಯಿಯ ಊಟದಿಂದ ಭಾಗಿಸಿದರೆ 450 ಊಟ. ಒಂದು ತರಗತಿಯಿಂದ ಇಷ್ಟು. ಕ್ಯಾಂಟೀನಿನಲ್ಲಿ ಎಲ್ಲರೂ ಒಂದೇ ಬಗೆಯ ಕೂಪನ್ ಬಳಸುವಂತೆ ಮಾಡಿದರೆ ಯಾವುದು ಹಣ ಕೊಟ್ಟು ಕೊಂಡದ್ದು, ಯಾವುದು ಡಬ್ಬಿಯಿಂದ ಬಂದದ್ದು ಎಂದು ಬಡಿಸುವವರಿಗೂ ತಿಳಿಯುವುದಿಲ್ಲ. ಕೂಪನ್ ಕೊಡುವವರು ತರಗತಿ ಉಪನ್ಯಾಸಕರೇ ಇರಲಿ, ವಿದ್ಯಾರ್ಥಿ ನಾಯಕರು ಬೇಡ. ಹೆಸರಿನ ಪಟ್ಟಿ ಎಲ್ಲೂ ಇರಬಾರದು, ಸಂಖ್ಯೆ ಮಾತ್ರ ಸಾಕು. ತಿಂಗಳ ಕೊನೆಗೆ ಎಷ್ಟು ಬಂತು, ಎಷ್ಟು ಊಟವಾಯಿತು ಎಂದು ಸೂಚನಾ ಫಲಕದಲ್ಲಿ ಹಾಕಬೇಕು. ಲೆಕ್ಕ ನೋಡಿಕೊಳ್ಳಲು ದ್ವಿತೀಯ ಪಿಯುಸಿ ವಾಣಿಜ್ಯದಿಂದ ಇಬ್ಬರು ಬೇಕು. ಇಷ್ಟವಿರುವವರು ಹೆಸರು ಕೊಡಬಹುದು.